ಪರ್ವೀನ್ ಅಂತಲೇ ಇಡು, ಆದರೆ ಕಾಗದ ನೋಡಿಕೋ

ಸಲಾಮ್ ಬೇಟಾ. "ಫುಪ್ಪೂ, ಮಗುವಿಗೆ ನಿಮ್ಮ ಹೆಸರೇ ಇಡೋಣ ಅಂತಿದ್ದೇವೆ, ಆದರೆ ಪರ್ವೀನ್ ಅರಬ್ಬಿ ಹೆಸರಲ್ಲ, ಇಡಬಾರದು ಅಂತ ಪಕ್ಕದ ಮನೆಯವರು ಹೇಳುತ್ತಾರೆ, ಭಯ ಆಗ್ತಿದೆ" ಅಂತ ಕೇಳಿದ್ದೀಯಲ್ಲ, ಈಗ ನೋಡಿದೆ.

ಅದಕ್ಕೆಲ್ಲ ಯಾಕೆ ಭಯ? ಫಾರಸಿ ಹೆಸರು, ನಿಜ. ನಮಾಜ್ ಅನ್ನೋದೂ ಫಾರಸಿ, ರೋಜಾ ಅನ್ನೋದೂ ಫಾರಸಿ. ಅವನ್ನು ಬಿಟ್ಟಿದ್ದೇವಾ? ಪರ್ವೀನ್ ಅಂದರೆ ಆಕಾಶದ ಕೃತ್ತಿಕೆ, ಒತ್ತೊತ್ತಾಗಿ ಕಾಣುವ ಆ ನಕ್ಷತ್ರದ ಗೊಂಚಲು. ಅದನ್ನೇ ಅರಬ್ಬಿಯಲ್ಲಿ ಸುರಯ್ಯಾ ಅನ್ನೋದು. ನಿನ್ನ ನಾದಿನಿ ಸುರಯ್ಯಾ ಅಲ್ವಾ, ಅವಳಿಗೆ ಯಾರಾದರೂ ಏನಾದರೂ ಅಂದರಾ? ಇರಾನಿನಲ್ಲಿ ಪರ್ವೀನ್ ಎತೆಸಾಮಿ ಅಂತ ದೊಡ್ಡ ಕವಿ ಇದ್ದರು. 1907ರಲ್ಲಿ ತಬ್ರೀಜ್‌ನಲ್ಲಿ ಹುಟ್ಟಿದವರು, 1941ರಲ್ಲೇ ತೀರಿಹೋದರು, ಪಾಪ. ಬಡವರ ಬಗ್ಗೆ, ಅನಾಥರ ಬಗ್ಗೆ ಬರೆದವರು.

ಭಯ ಪಡಬೇಕಾದದ್ದು ಬೇರೆ ಇದೆ. ಕಾಗದದಲ್ಲಿ ಹೆಸರು ಹೇಗೆ ಬರೆಯುತ್ತಾರೆ ನೋಡಿಕೋ. ನನ್ನನ್ನು ಶಾಲೆಗೆ ಸೇರಿಸಿದಾಗ ಅಬ್ಬಾ ಬಾಯಲ್ಲಿ ಹೇಳಿದರು, ಬರೆದವರು ಪ್ರವೀಣ ಅಂತ ಬರೆದರು. ಅದೇ ಮಾರ್ಕ್ಸ್ ಕಾರ್ಡಿಗೂ ಬಂತು. ನನ್ನ ಗಂಡ, ನಿಮ್ಮ ಫುಪ್ಪಾ, ತೀರಿಕೊಂಡ ಮೇಲೆ ಪಿಂಚಣಿಗೆ ಹೋದೆ. "ಪ್ರವೀಣ ಯಾರ್ರೀ, ಬನ್ನಿ" ಅಂತ ಕೂಗಿದರು. ಬುರ್ಖಾ ಸರಿಮಾಡಿಕೊಂಡು ಎದ್ದು ಹೋದೆ. ಆ ಮನುಷ್ಯ ನನ್ನ ಮುಖವನ್ನೇ ನೋಡಲಿಲ್ಲ. "ನೀವು ಕೂತ್ಕೊಳ್ಳಿ ಅಮ್ಮಾ, ಮಗನ್ನ ಕಳಿಸಿ" ಅಂದ. ನಾನೇ ಅಂದರೆ ನಂಬಲಿಲ್ಲ. ಆಮೇಲೆ ಅಫಿಡವಿಟ್, ನೋಟರಿ, ಪೇಪರಿನಲ್ಲಿ ಜಾಹೀರಾತು. ಅಲ್ಲಿಯವರೆಗೆ ಒಂದು ಪೈಸೆ ಕೈಗೆ ಬರಲಿಲ್ಲ.

ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ, ಕಾಗದ ನೋಡಿಕೋ ಬೇಟಾ.

ನಿನ್ನ ಅಬ್ಬಾನ ಕಾಗದ, ಚಿಕ್ಕ ಚಾಚಾನ ಕಾಗದ ಎಲ್ಲ ಸರಿಯಾಗಿಯೇ ಇತ್ತು. ಗಂಡುಮಕ್ಕಳದ್ದು ನಮ್ಮ ಅಬ್ಬಾ ಕನ್ನಡಕ ಹಾಕಿಕೊಂಡು ಅಕ್ಷರ ಅಕ್ಷರ ಓದಿದರು. ನನ್ನದು ಯಾರೂ ಓದಲಿಲ್ಲ. ಹುಡುಗಿ ಅಲ್ವಾ, ಮದುವೆ ಆಗಿ ಹೋಗ್ತಾಳೆ ಅಂತ. ಅಷ್ಟು ಓಡಾಡಿದೆ, ಭಾಯಿಗಳಲ್ಲಿ ಒಬ್ಬರೂ ಜೊತೆಗೆ ಬರಲಿಲ್ಲ. ಗ್ರೂಪ್‌ನಲ್ಲಿ ಅವರೂ ಇದ್ದಾರೆ, ಕೇಳಿಸಿಕೊಳ್ಳಲಿ.

ಹಾಂ, ಮುಖ್ಯವಾದದ್ದು ಮರೆತೆ. ಜನನ ನೋಂದಣಿ ಆಗಿದೆ ಅಲ್ವಾ? ಅಲ್ಲಿಂದ ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕ ಇಲ್ಲ. 2023ರ ಅಕ್ಟೋಬರ್ 1ರಂದು ಅಥವಾ ಆಮೇಲೆ ಹುಟ್ಟಿದ ಮಕ್ಕಳಿಗೆ ಶಾಲೆ, ಪಾಸ್‌ಪೋರ್ಟ್ ಎಲ್ಲದಕ್ಕೂ ಹುಟ್ಟಿದ ದಿನಕ್ಕೆ ಜನನ ಪತ್ರವೇ ಆಧಾರ. ಬಾಯಲ್ಲಿ ಹೇಳಬೇಡ, ಚೀಟಿಯಲ್ಲಿ ಬರೆದುಕೊಡು. ಕನ್ನಡದಲ್ಲಿ ಪರ್ವೀನ್. ಇಂಗ್ಲಿಷ್‌ನಲ್ಲಿ ಪಿ ಆದ ಮೇಲೆ ಎ, ಆಮೇಲೆ ಆರ್. ಸರ್ಟಿಫಿಕೇಟ್ ಕೈಗೆ ಬಂದ ಕೂಡಲೇ ಕೌಂಟರ್ ಹತ್ತಿರವೇ ನಿಂತು ಓದು. ಲಿಂಗದ ಕಾಲಂ ಕೂಡ ನೋಡು. ಆಮೇಲೆ ಫೋಟೋ ತೆಗೆದು ನನಗೆ ಕಳಿಸು, ಇಲ್ಲಿ ಗ್ರೂಪ್‌ನಲ್ಲಿ ಹಾಕಬೇಡ.