ರೋಮ್‌ಗೆ ಮ್ಯಾಚ್ ನೋಡಲು ಹೊರಟಿದ್ದೇವೆ, ಸಹಾಯ ಬೇಕು

ನಮಸ್ಕಾರ, ನಾನು ಲಂಡನ್‌ನಲ್ಲಿದ್ದೇನೆ. ಮುಂದಿನ ತಿಂಗಳು ತಮ್ಮನೂ ನಾನೂ ನಮ್ಮ ತಂಡದ ಫುಟ್‌ಬಾಲ್ ಮ್ಯಾಚ್ ನೋಡಲು ರೋಮ್‌ಗೆ ಹೊರಟಿದ್ದೇವೆ. ಅಮ್ಮನಿಗೆ ಮಾತ್ರ ಕೊಲೊಸಿಯಂ ನೋಡೋಕೆ ಅಂತ ಹೇಳಿದ್ದೇವೆ!

ನಿಜ ಹೇಳಬೇಕೆಂದರೆ ಸ್ವಲ್ಪ ಭಯ. 2012ರ ನವೆಂಬರ್‌ನಲ್ಲಿ ರೋಮ್‌ನ ಲಾಜಿಯೊ ತಂಡದ ಜೊತೆಗಿನ ಮ್ಯಾಚ್‌ಗೆ ಮುಂಚೆ, ಊರ ಮಧ್ಯದ ಕಾಂಪೊ ದೇ ಫಿಯೋರಿ ಚೌಕದ ಪಬ್‌ನಲ್ಲಿ ಸುಮ್ನೆ ಕೂತಿದ್ದ ಲಂಡನ್‌ನ ಟಾಟನ್‌ಹ್ಯಾಮ್ ತಂಡದ ಅಭಿಮಾನಿಗಳ ಮೇಲೆ ಮುಖ ಮುಚ್ಚಿಕೊಂಡ ಗುಂಪು ನುಗ್ಗಿ ಹೊಡೆದಿತ್ತು. ಒಬ್ಬರಿಗೆ ಚಾಕು ಇರಿತವೂ ಆಗಿತ್ತು. ಸ್ಟೇಡಿಯಂನಿಂದ ಎಷ್ಟೋ ದೂರದಲ್ಲಿ, ಅಲ್ವಾ?

ಹೊರಗಿನ ಅಭಿಮಾನಿಗಳಿಗೆ ವಿಲ್ಲಾ ಬೋರ್ಗೀಸ್ ಪಾರ್ಕ್‌ನಿಂದ ಸ್ಟೇಡಿಯಂಗೆ ಪೊಲೀಸ್ ಕಾವಲಿನ ಬಸ್ ಇರುತ್ತದಂತೆ. ಯಾರಾದರೂ ಅದರಲ್ಲಿ ಹೋಗಿದ್ದೀರಾ? ಮ್ಯಾಚ್ ಮುಗಿದ ಮೇಲೆ ನಮ್ಮನ್ನು ಎಷ್ಟು ಹೊತ್ತು ಸ್ಟೇಡಿಯಂ ಒಳಗೇ ಕೂರಿಸುತ್ತಾರೆ? ರೂಮ್ ಯಾವ ಕಡೆ ಹಿಡಿಯಲಿ? ಸ್ಕಾರ್ಫ್ ಬ್ಯಾಗ್‌ನಲ್ಲೇ ಇಡುತ್ತೇನೆ, ತಮ್ಮ ಮಾತ್ರ ಜರ್ಸಿ ಬಿಚ್ಚಲ್ಲ ಅಂತಾನೆ. ರೋಮ್‌ನಲ್ಲಿರುವ ಕನ್ನಡಿಗರು ದಯವಿಟ್ಟು ಮೆಸೇಜ್ ಮಾಡಿ.