ಇದ್ದಿಲಿನ ಗ್ರಿಲ್: ಮುಚ್ಚಳ ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು?

ಟೆರೇಸ್_ತಿಳಕವಾಡಿ
ಬೆಳಗಾವಿಯಲ್ಲಿ ಮಳೆ ಸ್ವಲ್ಪ ಬಿಡುವು ಕೊಟ್ಟಿದೆ. ಬರುವ ಭಾನುವಾರ ಟೆರೇಸ್ ಮೇಲೆ ಇದ್ದಿಲಿನ ಗ್ರಿಲ್ ಹಚ್ಚೋಣ ಅಂತಿದ್ದೇವೆ. ಉದ್ಯಮಬಾಗ್‌ನಲ್ಲಿ ಡ್ರಮ್ ಉದ್ದಕ್ಕೆ ಸೀಳಿಸಿ ಮಾಡಿಸಿದ್ದು. ಕೆಳಗೊಂದು ಗಾಳಿ ಕಿಂಡಿ, ಮುಚ್ಚಳದ ಮೇಲೊಂದು ಕಿಂಡಿ, ಎರಡಕ್ಕೂ ಸರಿಸುವ ತಗಡು ಇದೆ. ಚಿಕನ್ ಲೆಗ್, ಬಂಗಡೆ, ಪನೀರ್, ಮೆಕ್ಕೆ ತೆನೆ, ಬದನೆಕಾಯಿ ಮಾಡಬೇಕು. ಎಲ್ಲದಕ್ಕೂ ಮುಚ್ಚಳ ಹಾಕಬೇಕು ಅಂತ ತಮ್ಮನ ವಾದ. ಮುಚ್ಚಳ ಹಾಕಿದರೆ ಅದು ಸುಡೋದಲ್ಲ, ಬೇಯಿಸೋದು ಅಂತ ಮಾವನ ವಾದ. ಯಾರ ಮಾತು ಕೇಳಲಿ?

ಜಾಲಿಕಟ್ಟಿಗೆ_ವಿಜಯಪುರ
ಮಾವನ ಮಾತು ಕೇಳಿ. ರಸ್ತೆ ಬದಿ ತೆನೆ ಸುಡುವವರ ಶೇಗಡಿಗೆ ಮುಚ್ಚಳ ನೋಡಿದ್ದೀರಾ? ಸೀಖ್ ಕಬಾಬ್ ಮಾಡುವವರ ಹತ್ತಿರ ಇದೆಯಾ? ಕೈಯಲ್ಲಿ ಬೀಸಣಿಗೆ, ಕೆಳಗೆ ಜಾಲಿ ಕಟ್ಟಿಗೆಯ ಕೆಂಡ, ಅಷ್ಟೇ. ಮುಚ್ಚಳ ಎಲ್ಲಾ ಫಾರಿನ್ ವಿಡಿಯೋ ನೋಡಿ ಬಂದ ಶೋಕಿ.

ಕ್ಯಾಂಪ್_ಖಾನಾವಳಿ
ಜಾಲಿ ಅಣ್ಣಾ, ನೀವು ಹೇಳಿದ್ದೆಲ್ಲ ತೆಳ್ಳಗಿನ ಮಾಲು. ಕಬಾಬ್ ಬೆರಳಿನಷ್ಟು ದಪ್ಪ ಇರುತ್ತೆ, ಹೊರಗೆ ಕೆಂಪಾಗುವಷ್ಟರಲ್ಲಿ ಒಳಗೂ ಬೆಂದಿರುತ್ತೆ. ಮೂಳೆ ಇರುವ ಲೆಗ್ ಪೀಸಿಗೆ ಅದೇ ಆಟ ಆಡಿದರೆ ಚರ್ಮ ಕರಿ ಇದ್ದಿಲು, ಮೂಳೆ ಹತ್ತಿರ ಹಸಿ ರಕ್ತ.

ನಾನು ಕ್ಯಾಟರಿಂಗ್ ಮಾಡುವವನು, ನಮ್ಮ ಲೆಕ್ಕ ಹೇಳ್ತೀನಿ. 2 ಸೆಂಟಿಮೀಟರಿಗಿಂತ ತೆಳ್ಳಗಿದ್ದರೆ ಮುಚ್ಚಳ ಬೇಡ, ನೇರ ಕೆಂಡದ ಮೇಲೆ. ಅದಕ್ಕಿಂತ ದಪ್ಪ ಇದ್ದರೆ, ಮೂಳೆ ಇದ್ದರೆ, ಮುಚ್ಚಳ ಬೇಕು. ತೆರೆದಿದ್ದರೆ ಗ್ರಿಲ್ ಒಂದು ಹಂಚು, ಮುಚ್ಚಿದರೆ ಬೇಕರಿ ಭಟ್ಟಿ. ಹಂಚಿನ ಮೇಲೆ ಕೆಳಗಿನ ಮೈ ಮಾತ್ರ ಕಾಯುತ್ತೆ. ಭಟ್ಟಿಯಲ್ಲಿ ಬಿಸಿ ಗಾಳಿ ಸುತ್ತಿ ಸುತ್ತಿ ಎಲ್ಲಾ ಕಡೆಯಿಂದ ಬೇಯಿಸುತ್ತೆ.

ಬಂಗಡೆಗೆ ಓರೆಯಾಗಿ ಗೀರು ಹಾಕಿ, ಎಣ್ಣೆ ಸವರಿ, ತೆರೆದೇ ಸುಡಿ. ಪನೀರೂ ಹಾಗೇ.

ಟೆರೇಸ್_ತಿಳಕವಾಡಿ
ಒಂದು ಡೌಟು. ಮುಚ್ಚಿದರೆ ಕೆಂಡಕ್ಕೆ ಗಾಳಿ ಸಿಗಲ್ಲ, ಕಾವು ಕಮ್ಮಿ ಆಗಬೇಕು ಅಲ್ವಾ? ಭಟ್ಟಿ ಹೇಗೆ ಆಗುತ್ತೆ?

ಜಾಲಿಕಟ್ಟಿಗೆ_ವಿಜಯಪುರ
ಅದನ್ನೇ ನಾನು ಹೇಳೋದು! ಮುಚ್ಚಿದರೆ ಕೆಂಡ ಮಂಕಾಗುತ್ತೆ. ಬೀಸಣಿಗೆ ಬೀಸಿದರೆ ಕೆಂಪಾಗುತ್ತೆ. ಇದಕ್ಕೆ ದೊಡ್ಡ ಓದು ಬೇಕಾ?

ಮುಧೋಳದ_ಬಾಯ್ಲರ್
ಇಬ್ಬರೂ ಬೇರೆ ಬೇರೆ ಕಾವಿನ ಬಗ್ಗೆ ಮಾತಾಡ್ತಿದ್ದೀರಿ, ಅದಕ್ಕೇ ಜಗಳ. ನಾನು ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಇರೋನು, ದಿನಾ ಇದೇ ಕೆಲಸ.

ಕೆಂಡದ ಕಾವು ಒಂದು, ಡ್ರಮ್ಮಿನೊಳಗಿನ ಗಾಳಿಯ ಕಾವು ಇನ್ನೊಂದು. ಮುಚ್ಚಳ ತೆಗೆದ ತಕ್ಷಣ ಬಿಸಿ ಗಾಳಿ ಹಾರಿ ಹೋಗುತ್ತೆ, ಆದರೆ ಆಮ್ಲಜನಕ ಸಿಕ್ಕಿ ಕೆಂಡ ಜೋರಾಗುತ್ತೆ. ಮುಚ್ಚಿದರೆ ಕೆಂಡ ಸ್ವಲ್ಪ ತಣ್ಣಗಾಗುತ್ತೆ, ಒಳಗಿನ ಗಾಳಿ ಕಾಯುತ್ತೆ. ಗ್ಯಾಸ್ ಗ್ರಿಲ್ ಕಥೆ ಬೇರೆ. ಅದರ ಉರಿ ಸಿಲಿಂಡರಿನಿಂದ ಒಂದೇ ಸಮ ಬರುತ್ತೆ, ಮುಚ್ಚಿದರೆ ಕಾವು ಏರೋದೇ. ವಿಡಿಯೋ ನೋಡುವವರು ಗ್ಯಾಸಿನ ನಿಯಮ ತಂದು ಇದ್ದಿಲಿಗೆ ಹಚ್ಚುತ್ತಾರೆ, ಅಲ್ಲೇ ಎಡವಟ್ಟು.

ಅಂದರೆ ಇದ್ದಿಲಿನ ಗ್ರಿಲ್ಲಿನಲ್ಲಿ ಮುಚ್ಚಳ ಅನ್ನೋದು ಗಾಳಿಯ ನಲ್ಲಿ. ಕೆಳಗಿನ ಕಿಂಡಿಯಿಂದ ಗಾಳಿ ಒಳಗೆ, ಮೇಲಿನ ಕಿಂಡಿಯಿಂದ ಹೊಗೆ ಹೊರಗೆ. ಕಾವು ಹೆಚ್ಚು ಕಮ್ಮಿ ಮಾಡೋದೆಲ್ಲ ಕೆಳಗಿನದರಲ್ಲಿ. ಅಡುಗೆ ನಡೆದಿರುವಾಗ ಮೇಲಿನದನ್ನು ಪೂರ್ತಿ ಮುಚ್ಚಬೇಡಿ. ಹೊಗೆ ಒಳಗೇ ಸುತ್ತಿ ಮಾಂಸಕ್ಕೆ ಕಹಿ ಬರುತ್ತೆ.

ಕ್ಯಾಂಪ್_ಖಾನಾವಳಿ
ಬಾಯ್ಲರ್ ಸರ್ ಹೇಳಿದ್ದಕ್ಕೆ ನನ್ನದೊಂದು ಸೇರ್ಪಡೆ. ಕೆಂಡ ಎಲ್ಲಾ ಒಂದು ಬದಿಗೆ ಸರಿಸಿ. ಲೆಗ್ ಪೀಸು ಖಾಲಿ ಬದಿಗೆ ಇಡಿ. ಮುಚ್ಚಳದ ಕಿಂಡಿ ಮಾಂಸದ ಮೇಲೆ ಬರುವ ಹಾಗಿರಲಿ, ಆಗ ಬಿಸಿ ಗಾಳಿ ಮಾಂಸ ದಾಟಿಕೊಂಡೇ ಹೊರಗೆ ಹೋಗಬೇಕು. ಮುಕ್ಕಾಲು ಗಂಟೆ ಹಿಡಿಯಬಹುದು. ದಪ್ಪ ಜಾಗದಲ್ಲಿ, ಮೂಳೆಗೆ ತಾಗದ ಹಾಗೆ ಥರ್ಮಾಮೀಟರ್ ಚುಚ್ಚಿ. 74 ಡಿಗ್ರಿ ಸೆಲ್ಸಿಯಸ್ ಆದರೆ ತಿನ್ನಬಹುದು. ಲೆಗ್ ಪೀಸು 80 ದಾಟಿದರೆ ಇನ್ನೂ ಮೆತ್ತಗೆ ಬಿಡುತ್ತೆ. ಕೊನೆಗೆ ಮುಚ್ಚಳ ತೆಗೆದು ಕೆಂಡದ ಮೇಲೆ ಎರಡು ನಿಮಿಷ ಹೊರಳಿಸಿ, ಚರ್ಮ ಗರಿಗರಿ. ಬೆಲ್ಲ, ಜೇನು ಹಚ್ಚೋದಿದ್ದರೆ ಆಗಲೇ ಹಚ್ಚಿ. ಮೊದಲೇ ಹಚ್ಚಿದರೆ ಸೀದು ಹೋಗುತ್ತೆ.

ಮತ್ತೆ, ಐದೈದು ನಿಮಿಷಕ್ಕೆ ತೆಗೆದು ಇಣುಕಬೇಡಿ. ಪ್ರತಿ ಸಲ ಬಿಸಿ ಹೋಗುತ್ತೆ, ಕೆಂಡ ಭಗ್ ಅಂತ ಏಳುತ್ತೆ.

ಗುಮ್ಮಟದ_ಗುಬ್ಬಿ
ಬದನೆಕಾಯಿ ಬಗ್ಗೆ ಯಾರೂ ಬಾಯೇ ಬಿಡ್ತಿಲ್ಲವಲ್ಲ. ಅದಕ್ಕೆ ಮುಚ್ಚಳ ಬೇಡವೇ ಬೇಡ. ಮುಚ್ಚಿದರೆ ಬೆಂದು ಮೆತ್ತಗಾಗುತ್ತೆ, ಆದರೆ ಸುಟ್ಟ ವಾಸನೆ ಬರಲ್ಲ. ಆ ವಾಸನೆ ಇಲ್ಲದ ಭರ್ತ ಯಾರಿಗೆ ಬೇಕು?

ದೊಡ್ಡ ಬದನೆಕಾಯಿಗೆ ಎಣ್ಣೆ ಸವರಿ, ನಾಲ್ಕು ಕಡೆ ಚಾಕುವಿನ ತುದಿಯಿಂದ ಚುಚ್ಚಿ, ಇಲ್ಲದಿದ್ದರೆ ಒಡೆದು ಸಿಡಿಯುತ್ತೆ. ನೇರ ಕೆಂಡದ ಮೇಲೆ ಇಡಿ. ಮೊದಲು ನೇರಳೆ ಬಣ್ಣ ಮಂಕಾಗುತ್ತೆ, ಆಮೇಲೆ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗಿ ಚಕ್ಕೆ ಏಳುತ್ತೆ. ಚುಚ್ಚಿದ ಜಾಗದಿಂದ ನೀರು ಒಸರಿ ಕೆಂಡದ ಮೇಲೆ ಚುಂಯ್ ಅನ್ನುತ್ತೆ. ಹೊಟ್ಟೆ ಮೆತ್ತಗಾಯ್ತು ಅಂತ ತೆಗೆಯಬೇಡಿ, ತೊಟ್ಟಿನ ಬುಡ ಒತ್ತಿ ನೋಡಿ. ಅದು ಕೊನೆಗೆ ಬೇಯೋದು. ತೆಗೆದು ಪಾತ್ರೆಯಲ್ಲಿ ಮುಚ್ಚಿಡಿ, ಸಿಪ್ಪೆ ಬಟ್ಟೆ ಕಳಚಿದ ಹಾಗೆ ಬರುತ್ತೆ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ, ಶೇಂಗಾ ಪುಡಿ, ಜೊತೆಗೆ ಕಟಕ ರೊಟ್ಟಿ. ನಿಮ್ಮ ಚಿಕನ್ ಪಕ್ಕಕ್ಕೇ ಇರಲಿ.

ಇನ್ನೊಂದು. ನಮ್ಮ ವಿಜಯಪುರದ ಟೆರೇಸ್ ಮೇಲೆ ಗಾಳಿ ಬಿಟ್ಟರೆ ಬೂದಿ ಎಲ್ಲಾ ಪನೀರ್ ಮೇಲೆ. ಆಗ ಮಾತ್ರ ತೆಳ್ಳಗಿನದಕ್ಕೂ ಮುಚ್ಚಳ ಹಾಕ್ತೀನಿ.

ಮುಧೋಳದ_ಬಾಯ್ಲರ್
ಅಕ್ಕಾ, ಮುಚ್ಚಳದ ಗ್ರಿಲ್ ಹುಟ್ಟಿದ್ದೇ ಆ ಬೂದಿ ಕಾಟಕ್ಕೆ. ಅಮೆರಿಕದ ಶಿಕಾಗೋದಲ್ಲಿ ವೆಬರ್ ಬ್ರದರ್ಸ್ ಮೆಟಲ್ ವರ್ಕ್ಸ್ ಅಂತ ಒಂದು ಕಂಪನಿ, ನೀರಿನಲ್ಲಿ ಹಡಗುಗಳಿಗೆ ದಾರಿ ತೋರಿಸುವ ಲೋಹದ ತೇಲುಗುಂಡು ಮಾಡ್ತಿತ್ತು. ಅಲ್ಲಿದ್ದ ಜಾರ್ಜ್ ಸ್ಟೀಫನ್ 1952ರಲ್ಲಿ ಆ ಗುಂಡನ್ನೇ ಎರಡು ಹೋಳು ಮಾಡಿ, ಒಂದನ್ನು ತಳ, ಇನ್ನೊಂದನ್ನು ಮುಚ್ಚಳ ಮಾಡಿಕೊಂಡ. ಮೊದಲು ಬೆಂಕಿ ಆರಿ ಹೋಯಿತಂತೆ, ತೂತು ಹೊಡೆದ ಮೇಲೆ ಸರಿಯಾಯಿತಂತೆ. ಎಲ್ಲಾ ಕಿಂಡಿಯ ಮಹಿಮೆ.

ಕೆಳಗಿನ ಕಿಂಡಿಯನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿ ಇಡಬೇಡಿ. ಕೆಂಡ ಬಾಯ್ಲರಿನ ಹಾಗೆ ಉರಿದು ಅರ್ಧಕ್ಕೇ ಮುಗಿದು ಹೋಗುತ್ತೆ.

ಜಾಲಿಕಟ್ಟಿಗೆ_ವಿಜಯಪುರ
ಸರಿ, ಲೆಗ್ ಪೀಸಿಗೆ ಹಾಕಿಕೊಳ್ಳಿ, ನನ್ನ ಗಂಟೇನು ಹೋಗಲ್ಲ. ಆದರೆ ಕಬಾಬಿಗೆ, ತೆನೆಗೆ ಮುಚ್ಚಳ ಅಂದರೆ ನಾನು ಎದ್ದು ಹೋಗ್ತೀನಿ. ಅದಿರಲಿ, ಕೊಬ್ಬು ತೊಟ್ಟಿಕ್ಕಿ ಬೆಂಕಿ ಎದ್ದರೆ? ನಾವು ನೀರು ಚಿಮುಕಿಸ್ತೀವಿ.

ಕ್ಯಾಂಪ್_ಖಾನಾವಳಿ
ನೀರು ಬೇಡ ಅಣ್ಣಾ. ಬೂದಿ ಹಾರಿ ಮಾಂಸಕ್ಕೆ ಮೆತ್ತುತ್ತೆ, ಹಬೆ ಕೈ ಸುಡುತ್ತೆ. ಪೀಸು ಪಕ್ಕಕ್ಕೆ ಸರಿಸಿ, ಮುಚ್ಚಳ ಹಾಕಿ ಕೆಳಗಿನ ಕಿಂಡಿ ಸಣ್ಣ ಮಾಡಿ. ಉರಿ ತಾನೇ ಅಡಗುತ್ತೆ.

ತಿಳಕವಾಡಿಯವರೇ, ಆ ಡ್ರಮ್ಮಿನಲ್ಲಿ ಮೊದಲು ಏನಿತ್ತು? ಕೆಮಿಕಲ್ ಡ್ರಮ್ ಆದರೆ ಬೇಡ. ಜಿಂಕ್ ಲೇಪದ ತಗಡಾದರೂ ಬೇಡ, ಜೋರು ಕಾವಿಗೆ ಅದರ ಹೊಗೆ ಒಳ್ಳೆಯದಲ್ಲ.

ಟೆರೇಸ್_ತಿಳಕವಾಡಿ
ಅಡುಗೆ ಎಣ್ಣೆಯ ಡ್ರಮ್, ಸರ್. ಒಳಗಿನ ಬಣ್ಣ ಎಲ್ಲಾ ಸುಟ್ಟು ಉಜ್ಜಿಸಿದ್ದೇವೆ. ಮಧ್ಯದಲ್ಲಿ ಮಳೆ ಬಂದರೆ ಮೆಟ್ಟಿಲ ಮೇಲಿನ ಕೋಣೆಗೆ ಎಳೆದುಕೊಂಡರೆ ಆಗುತ್ತಾ? ಮುಚ್ಚಳ ಹಾಕೇ ಇಡ್ತೀವಿ.

ಮುಧೋಳದ_ಬಾಯ್ಲರ್
ಖಂಡಿತ ಬೇಡ! ಕಿಟಕಿ ಬಾಗಿಲು ತೆರೆದಿದ್ದರೂ ಬೇಡ. ಕೆಂಡದಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ತಲೆ ಸುತ್ತಿದ್ದು ಗೊತ್ತಾಗುವಷ್ಟರಲ್ಲಿ ಮನುಷ್ಯ ಬಿದ್ದಿರುತ್ತಾನೆ. ಗಾಳಿ ಕಮ್ಮಿ ಇದ್ದಾಗ ಅದು ಇನ್ನೂ ಜಾಸ್ತಿ ಹುಟ್ಟುತ್ತೆ, ಅಂದರೆ ಮುಚ್ಚಳ ಹಾಕಿದ್ದು ರಕ್ಷಣೆ ಅಲ್ಲ. ಮಳೆ ಬಂದರೆ ಮುಚ್ಚಳ ಹಾಕಿ ಗ್ರಿಲ್ ಹೊರಗೇ ಬಿಡಿ, ಅರೆಬೆಂದ ಚಿಕನ್ ಒಳಗೆ ತಂದು ಕುಕ್ಕರಿಗೆ ಹಾಕಿ.

ಗುಮ್ಮಟದ_ಗುಬ್ಬಿ
ಊಟ ಮುಗಿದ ಮೇಲೆ ಎರಡೂ ಕಿಂಡಿ ಪೂರ್ತಿ ಮುಚ್ಚಿ. ಕೆಂಡ ಆರುತ್ತೆ, ಉಳಿದ ಇದ್ದಿಲು ಮುಂದಿನ ಸಲಕ್ಕೆ ಬರುತ್ತೆ.

ಜಾಲಿಕಟ್ಟಿಗೆ_ವಿಜಯಪುರ
ಡ್ರಮ್ ಸೀಳಿ ಮಾಡಿದ ಮುಚ್ಚಳ ಅಷ್ಟು ಗಟ್ಟಿಯಾಗಿ ಎಲ್ಲಿ ಕೂರುತ್ತೆ ಅಕ್ಕಾ? ಸಂದಿಯಿಂದ ಗಾಳಿ ಹೋಗೇ ಹೋಗುತ್ತೆ, ಬೆಳಿಗ್ಗೆ ನೋಡಿದರೆ ಬರೀ ಬೂದಿ. ಚಿಮಟದಿಂದ ಹಿಡಿದು ಬಿಗಿ ಮುಚ್ಚಳದ ತಗಡಿನ ಡಬ್ಬಿಗೆ ತುಂಬಿ ಹೊರಗೇ ಇಡಿ. ಪ್ಲಾಸ್ಟಿಕ್ ಬಕೆಟಿಗೆ ಹಾಕೀರಿ ಮತ್ತೆ!