ಸಹಾಯ ಬೇಕು: ನಮ್ಮ ಸಂಘದ ಸೈಟು ಕಣ್ಣು ಕಾಣದವರಿಗೂ ಓದಲು ಬರಬೇಕು

ನಮಸ್ಕಾರ. ತೀರ್ಥಹಳ್ಳಿ ಕಡೆಯವನು. ನಮ್ಮ ಅಡಿಕೆ ಬೆಳೆಗಾರರ ಸಂಘದ ವೆಬ್‌ಸೈಟ್ ನೋಡಿಕೊಳ್ಳುವುದು ನಾನೇ, ಸಂಬಳ ಇಲ್ಲ, ಬೈಗುಳ ಜಾಸ್ತಿ. ರಾಶಿ, ಬೆಟ್ಟೆ ಅಂತ ಅಡಿಕೆಯ ಒಂದೊಂದು ಬಗೆಗೂ ದಿನದ ಧಾರಣೆ ವಾಟ್ಸಾಪ್‌ನಲ್ಲಿ ಫೋಟೊ ಆಗಿ ಬರುತ್ತೆ, ಅದನ್ನೇ ಸುಮ್ನೆ ಅಂಟಿಸುತ್ತಿದ್ದೆ. ಹೋದ ವಾರ, ಪರದೆ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ ಬಳಸುವ, ಕಣ್ಣು ಕಾಣದ ಸದಸ್ಯರೊಬ್ಬರು ಫೋನ್ ಮಾಡಿ, "ರಾಶಿ ಎಷ್ಟು, ಬೆಟ್ಟೆ ಎಷ್ಟು ಅಂತ ನೋಡೋಕೆ ಹೋದ್ರೆ ನಿನ್ನ ಸೈಟು ಬರೀ ಇಮೇಜ್ ಇಮೇಜ್ ಅನ್ನುತ್ತಲ್ಲ ಮಾರಾಯ" ಅಂದರು. ನಾಚಿಕೆಯಾಯಿತು.

ಧಾರಣೆಯನ್ನು ಈಗ ಟೇಬಲ್ ಮಾಡಿ ಅಕ್ಷರದಲ್ಲೇ ಹಾಕುತ್ತಿದ್ದೇನೆ. ಪುಟದ ಭಾಷೆ ಇಂಗ್ಲಿಷ್ ಅಂತಿತ್ತು, ಕನ್ನಡ ಅಂತ ಬದಲಿಸಿದೆ. ತಿಳಿ ಹಸಿರಿನ ಮೇಲೆ ಬಿಳಿ ಅಕ್ಷರ ಇತ್ತು, ಅದನ್ನೂ ತೆಗೆದೆ. ಮಾಮೂಲಿ ಗಾತ್ರದ ಅಕ್ಷರಕ್ಕೆ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ವ್ಯತ್ಯಾಸ) ಕನಿಷ್ಠ 4.5:1 ಇರಬೇಕಂತೆ, ನಮ್ಮದು ಹತ್ತಿರಕ್ಕೂ ಇರಲಿಲ್ಲ.

ಸಿಕ್ಕಿಹಾಕಿಕೊಂಡಿರುವುದು ಹಳೇ ಪಿಡಿಎಫ್‌ಗಳಲ್ಲಿ. ಎಲ್ಲವೂ ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಅರ್ಥವಾಗುವ ಅಕ್ಷರ ಸಂಕೇತ) ಅಲ್ಲದ ಹಳೇ ನುಡಿ ಫಾಂಟಿನವು. ಕಣ್ಣಿಗೆ 'ಕನ್ನಡ' ಅಂತಲೇ ಕಾಣುತ್ತೆ, ಕಾಪಿ ಮಾಡಿದರೆ ಇಂಗ್ಲಿಷ್ ಪಿ, ಪೌಂಡ್ ಗುರುತು, ಕ್ಯೂ ಅಂತೆಲ್ಲ ಬರುತ್ತೆ. ಎನ್‌ವಿಡಿಎ ಅನ್ನುವ ಓದಿ ಹೇಳುವ ತಂತ್ರಾಂಶ ಪಾಪ ಏನು ಓದಬೇಕು? ಇವನ್ನೆಲ್ಲ ಒಟ್ಟಿಗೆ ಯೂನಿಕೋಡ್‌ಗೆ ತರುವ ದಾರಿ ಯಾರಿಗಾದರೂ ಗೊತ್ತಾ? ಒತ್ತಕ್ಷರ, ಅರ್ಕಾವತ್ತು ಕೆಡಬಾರದು. ಕೆಲವು ಬರೀ ಸ್ಕ್ಯಾನ್, ಅವಕ್ಕೆ ಟೆಸರಾಕ್ಟ್ (ಚಿತ್ರದಲ್ಲಿನ ಅಕ್ಷರ ಗುರುತಿಸುವ ತಂತ್ರಾಂಶ) ಓಡಿಸಿದವರಿದ್ದರೆ ಸೆಟ್ಟಿಂಗ್ ಹೇಳಿ.

ಟಾಕ್‌ಬ್ಯಾಕ್ (ಆಂಡ್ರಾಯ್ಡ್ ಫೋನಿನಲ್ಲಿ ಪರದೆ ಓದಿ ಹೇಳುವ ಸೌಲಭ್ಯ) ದಿನಾ ಬಳಸುವವರು ಇಲ್ಲಿದ್ದರೆ ಒಂದರ್ಧ ಗಂಟೆ ಸೈಟು ನೋಡಿ ಬೈದುಬಿಡಿ. ನಾನು ಕಣ್ಣು ಮುಚ್ಚಿಕೊಂಡು ಪರೀಕ್ಷೆ ಮಾಡುವುದು ಅದಕ್ಕೆ ಸಮ ಅಲ್ಲ, ಅಲ್ವಾ? ಲಿಂಕ್ ಕಾಮೆಂಟಿನಲ್ಲಿ ಹಾಕುತ್ತೇನೆ. ಮಳೆಗೆ ಇಲ್ಲಿ ಕರೆಂಟಿಲ್ಲ, ಉತ್ತರ ತಡವಾದರೆ ಬೇಜಾರಾಗಬೇಡಿ.